ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದು ಏಕೆ?

ತೀರ್ಥಹಳ್ಳಿ ಕಡೆ ಅಡಿಕೆಯ ಕೊಳೆರೋಗಕ್ಕೆ ಈ ಔಷಧಿ ಹೊಡೆಯುವ ಮುಂಚೆ ಹೀಗೆ ನೋಡುತ್ತಾರೆ, ಅಲ್ವಾ? ಇದು ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆಯೇ, ಅಂದರೆ ಚುರುಕಾದ ಲೋಹ ಇನ್ನೊಂದು ಲೋಹದ ಜಾಗ ಹಿಡಿಯುವುದು.

ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ನೀರು ಆಮ್ಲೀಯ, ಸುಣ್ಣ ಪ್ರತ್ಯಾಮ್ಲ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ನೀಲಿ ಗಸಿಯಾಗುತ್ತದೆ. ಕಡಿಮೆಯಾದರೆ ತಾಮ್ರದ ಅಯಾನುಗಳು ನೀರಲ್ಲೇ ಉಳಿಯುತ್ತವೆ.

ಕಬ್ಬಿಣ ತಾಮ್ರಕ್ಕಿಂತ ಚುರುಕು. ನೀರಲ್ಲಿ ತಾಮ್ರ ಉಳಿದಿದ್ದರೆ ಕತ್ತಿಯ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ. ಆ ಎಲೆಕ್ಟ್ರಾನ್ ಪಡೆದ ತಾಮ್ರ ಅಲಗಿನ ಮೇಲೆ ಕೆಂಪಗೆ ಕೂರುತ್ತದೆ. ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇಲ್ಲದಿದ್ದರೆ ಎಳೆ ಕಾಯಿ ಸುಟ್ಟಂತಾಗುತ್ತದೆ. ಸ್ಟೀಲ್ ಚಮಚ ಅದ್ದಬೇಡಿ, ಸರಿಯಾಗಿ ಗೊತ್ತಾಗಲ್ಲ. ತುಕ್ಕು ಉಜ್ಜಿ ತೆಗೆದ ಹಳೇ ಕತ್ತಿಯೇ ವಾಸಿ.