ವಿಚ್ಛೇದಿತರ ಮರುಮದುವೆ: ಬೈಬಲ್ ಒಂದೇ ಆದರೂ ಉತ್ತರ ಎರಡೇಕೆ?

ವಿಚ್ಛೇದನವನ್ನು ದೇವರು ಒಪ್ಪುವುದೇ ಇಲ್ಲ ಎಂದು ತಮ್ಮ ಕ್ಯಾಥೊಲಿಕ್ ಸಹೋದ್ಯೋಗಿಯೂ, ಕೆಲವು ಸಂದರ್ಭಗಳಲ್ಲಿ ಮರುಮದುವೆಗೂ ಅವಕಾಶವಿದೆ ಎಂದು ಪ್ರಾಟೆಸ್ಟಂಟ್ ಸಹೋದ್ಯೋಗಿಯೂ ಹೇಳುತ್ತಾರೆಂದೂ, ಇಬ್ಬರೂ ಓದುವುದು ಅದೇ ಬೈಬಲನ್ನಲ್ಲವೇ ಎಂದೂ ತಾವು ಕೇಳಿದ್ದೀರಿ. ನಾನು ಕುಂಬಳೆ ಕಡೆಯ ಕ್ಯಾಥೊಲಿಕ್. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ನಮ್ಮ ಇಗರ್ಜಿ (ಚರ್ಚ್) ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ನನ್ನ ಹೆಂಡತಿಯ ತವರು ಬಾಸೆಲ್ ಮಿಷನ್ ಪರಂಪರೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆ, ಅಂದರೆ ಪ್ರಾಟೆಸ್ಟಂಟರು. ಯೇಸುವಿನ ಬದುಕು-ಬೋಧನೆಗಳ ಪುಸ್ತಕಗಳಲ್ಲಿ ನಾವು ಶುಭಸಂದೇಶ ಎನ್ನುವುದನ್ನು ಅವರು ಸುವಾರ್ತೆ ಎನ್ನುತ್ತಾರೆ. ಹಾಗಾಗಿ ತಮ್ಮ ಪ್ರಶ್ನೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ ಎಷ್ಟೋ ಬಾರಿ ಬಂದು ಹೋಗಿದೆ.

ಈ ಭಿನ್ನಾಭಿಪ್ರಾಯ ಬಹುಮಟ್ಟಿಗೆ ಒಂದು ಪದಕ್ಕೆ ಸಂಬಂಧಿಸಿದ್ದು. ಮತ್ತಾಯನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಫರಿಸಾಯರೆಂಬ ಯೆಹೂದ್ಯ ಪಂಗಡದವರು ಯೇಸುವಿನ ಬಳಿ ಬಂದು, ಗಂಡನು ಯಾವುದೇ ಕಾರಣಕ್ಕಾಗಿ ಹೆಂಡತಿಯನ್ನು ಬಿಡಬಹುದೇ ಎಂದು ಕೇಳುತ್ತಾರೆ. ಇದು ಆ ಕಾಲದ ಯೆಹೂದ್ಯರಲ್ಲಿ ನಡೆಯುತ್ತಿದ್ದ ಚರ್ಚೆ. ಹೆಂಡತಿಯಲ್ಲಿ ಅಸಹ್ಯವಾದದ್ದೇನಾದರೂ ಕಂಡರೆ ತ್ಯಾಗಪತ್ರ ಬರೆದುಕೊಡುವ ಮಾತು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದ್ದು, ಯೆಹೂದ್ಯ ಗುರು ಶಮ್ಮಾಯಿಯ ಪಂಥದವರು ಅದನ್ನು ನಡತೆಗೇಡಿಗೆ ಮಾತ್ರ ಸೀಮಿತಗೊಳಿಸಿದರೆ, ಇನ್ನೊಬ್ಬ ಗುರು ಹಿಲ್ಲೇಲನ ಪಂಥದವರು ಅಡುಗೆ ಕೆಡಿಸಿದರೂ ಸಾಕು ಎನ್ನುತ್ತಿದ್ದರು. ಯೇಸು ಎರಡೂ ಪಂಥಗಳನ್ನು ಬದಿಗಿರಿಸಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡಕ್ಕೆ ಹೋಗುತ್ತಾರೆ: ಗಂಡಹೆಂಡಿರು ಒಂದೇ ಶರೀರ, ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಒಂಬತ್ತನೆಯ ವಚನದ್ದು. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗುವವನು ವ್ಯಭಿಚಾರಿ ಎನ್ನುವ ಆ ಮಾತಿನ ನಡುವೆ "ಪೊರ್ನೇಯ"ದ (ಅನೈತಿಕ ಲೈಂಗಿಕ ನಡತೆ ಎಂಬ ವಿಶಾಲಾರ್ಥದ ಪದ) ಹೊರತಾಗಿ ಎಂಬ ವಿನಾಯಿತಿ ಬರುತ್ತದೆ. ಇದೇ ಉಪದೇಶ ಮಾರ್ಕನ 10ನೆಯ ಅಧ್ಯಾಯದಲ್ಲಿಯೂ ಲೂಕನ 16ನೆಯ ಅಧ್ಯಾಯದಲ್ಲಿಯೂ ಇದೆ, ವಿನಾಯಿತಿ ಮಾತ್ರ ಇಲ್ಲ. ಪ್ರಾಟೆಸ್ಟಂಟ್ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಈ ಗ್ರೀಕ್ ಪದಕ್ಕೆ ದಾಂಪತ್ಯದ್ರೋಹ ಎಂದು ಅರ್ಥ ಹೇಳಿ, ದ್ರೋಹಕ್ಕೊಳಗಾದವರು ಮತ್ತೆ ಮದುವೆಯಾಗಬಹುದು ಎನ್ನುತ್ತಾರೆ. ವ್ಯಭಿಚಾರಕ್ಕೆ "ಮೊಯ್ಖೇಯ" ಎಂಬ ಬೇರೆ ಪದವೇ ಇರುವಾಗ ಮತ್ತಾಯ ಅದನ್ನೇಕೆ ಬಳಸಲಿಲ್ಲ ಎಂಬುದು ಕ್ಯಾಥೊಲಿಕ್ ವಿದ್ವಾಂಸರ ಮರುಪ್ರಶ್ನೆ. ಅವರಲ್ಲಿ ಹಲವರ ಪ್ರಕಾರ ಇಲ್ಲಿ ಹೇಳಿರುವುದು ಯಾಜಕಕಾಂಡದ 18ನೆಯ ಅಧ್ಯಾಯ ನಿಷೇಧಿಸಿದ ರಕ್ತಸಂಬಂಧಿಗಳ ಕೂಡುವಿಕೆ, ಅರ್ಥಾತ್ ಮದುವೆಯೇ ಅಲ್ಲದ ಸಂಬಂಧ. ನಿಶ್ಚಿತಾರ್ಥದ ಅವಧಿಯ ದ್ರೋಹವೆಂದು ಹೇಳುವವರೂ ಇದ್ದಾರೆ. ನಾನು ಕ್ಯಾಥೊಲಿಕನಾದರೂ, ಅಷ್ಟು ವಿಶಾಲಾರ್ಥದ ಪದವನ್ನು ರಕ್ತಸಂಬಂಧಕ್ಕೆ ಮಾತ್ರ ಕುಗ್ಗಿಸುವ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಈ ಮಾತಿಗೆ ನನ್ನ ಮಾವನವರು ಪ್ರತಿ ಸಲವೂ ನಗುತ್ತಾರೆ.

ಎರಡನೆಯ ಕವಲು ಯೇಸುವಿನ ಪ್ರೇಷಿತನಾದ ಪೌಲನದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಆತ, ಹೆಂಡತಿ ಗಂಡನನ್ನು ಅಗಲಬಾರದೆಂಬುದು ಪ್ರಭುವಿನ ಆಜ್ಞೆ, ಮುಂದಿನದು ತನ್ನ ಮಾತು ಎಂದು ಬೇರ್ಪಡಿಸಿಯೇ ಬರೆಯುತ್ತಾನೆ. ವಿಶ್ವಾಸವಿಲ್ಲದ ಸಂಗಾತಿ ತಾನಾಗಿ ಬಿಟ್ಟುಹೋದರೆ ವಿಶ್ವಾಸಿಯು ಬದ್ಧರಲ್ಲ ಎಂಬುದು ಆ ತನ್ನ ಮಾತು. ಇದರಿಂದ 1640ರ ದಶಕದ, ಪ್ರಾಟೆಸ್ಟಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು, ವ್ಯಭಿಚಾರದಂತೆ ಉದ್ದೇಶಪೂರ್ವಕವಾಗಿ ತೊರೆದುಹೋಗುವುದನ್ನೂ ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿತು. ಕ್ಯಾಥೊಲಿಕ್ ಧರ್ಮಸಭೆ ಅದೇ ವಚನವನ್ನು ದೀಕ್ಷಾಸ್ನಾನ (ಕ್ರೈಸ್ತರಾಗುವ ವಿಧಿ) ಪಡೆಯದ ಇಬ್ಬರ ಮದುವೆಯಲ್ಲಿ ಒಬ್ಬರು ಆಮೇಲೆ ದೀಕ್ಷಾಸ್ನಾನ ಪಡೆದು, ಇನ್ನೊಬ್ಬರು ಬಿಟ್ಟುಹೋದ ಸಂದರ್ಭಕ್ಕಷ್ಟೇ ಅನ್ವಯಿಸುತ್ತದೆ. ದೀಕ್ಷಾಸ್ನಾನ ಪಡೆದ ಇಬ್ಬರ ಮದುವೆ ಅದಕ್ಕೆ ಸಂಸ್ಕಾರ, ಅಂದರೆ ದೇವರ ಕೃಪೆಯ ಪವಿತ್ರ ಚಿಹ್ನೆ; ಅದನ್ನು ವಿಚ್ಛೇದನ ಮುರಿಯಲಾರದು. ಎಫೆಸದವರಿಗೆ ಬರೆದ ಪತ್ರದಲ್ಲಿ ಮದುವೆಯನ್ನು ಕ್ರಿಸ್ತ ಮತ್ತು ಸಭೆಯ ಸಂಬಂಧಕ್ಕೆ ಹೋಲಿಸುವ ಕಡೆ ಬರುವ "ಮಿಸ್ಟೀರಿಯೊನ್" (ರಹಸ್ಯ) ಎಂಬ ಪದ ಲ್ಯಾಟಿನಿಗೆ "ಸಾಕ್ರಮೆಂತುಮ್" (ಸಂಸ್ಕಾರ) ಎಂದೇ ಅನುವಾದವಾಯಿತು. ಪ್ರಾಟೆಸ್ಟಂಟ್ ಸುಧಾರಕ ಲೂಥರ್ ಈ ಆಧಾರವನ್ನು ಒಪ್ಪಲಿಲ್ಲ.

ಆದರೂ ನಮ್ಮ ಕಡೆಯ ನಿಯಮ ಹೊರಗಿನಿಂದ ಕಾಣುವಷ್ಟು ಕಠಿಣವಲ್ಲ. ಹೊಡೆತ ತಿನ್ನುವ ಹೆಣ್ಣುಮಗಳು ಬೈಬಲಿನ ಹೆಸರಿನಲ್ಲಿ ಸಹಿಸಿಕೊಂಡಿರಬೇಕೆಂದು ಊರಿನ ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ, ಅದು ತಪ್ಪು. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಬಾಳುವ ಹಕ್ಕನ್ನು ಧರ್ಮಸಭೆಯ ಕಾನೂನೇ ಕೊಡುತ್ತದೆ. ನನ್ನ ಚಿಕ್ಕಮ್ಮನ ಮಗಳು ನ್ಯಾಯಾಲಯದ ವಿಚ್ಛೇದನ ಪಡೆದಿದ್ದರೂ ಇಗರ್ಜಿಯಲ್ಲಿ ಮರುಮದುವೆಗಾಗಿ ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ಕಾಯಬೇಕಾಯಿತು. ಆ ತೀರ್ಪು ಮದುವೆ ಮುರಿಯಿತು ಎನ್ನುವುದಿಲ್ಲ, ಸಮ್ಮತಿಯಲ್ಲಿ ದೋಷವಿದ್ದುದರಿಂದ ಮೊದಲಿನಿಂದಲೂ ಮದುವೆಯಾಗಿರಲಿಲ್ಲ ಎನ್ನುತ್ತದೆ. (ಇದೂ ಒಂದು ಬಗೆಯ ವಿಚ್ಛೇದನವೇ ಅಲ್ಲವೇ ಎಂದು ನನ್ನ ಹೆಂಡತಿ ಕೇಳುತ್ತಾಳೆ.) ಆದರೆ ಇಂತಹ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ಆದ್ದರಿಂದ ತಮ್ಮ ಪ್ರಶ್ನೆಯ ಹಿಂದೆ ನಿಜವಾದ ಮದುವೆಯೊಂದಿದ್ದರೆ, ಅದು ಕ್ಯಾಥೊಲಿಕ್ ಇಗರ್ಜಿಯಲ್ಲಿ ನಡೆಯುವುದಾದರೆ ನ್ಯಾಯಾಲಯ, ಧರ್ಮಸಭೆಯ ನ್ಯಾಯಮಂಡಳಿ ಎರಡೂ ಕಡೆಯ ಕಾಗದಗಳು ಬೇಕಾಗುತ್ತವೆ. ಬೇರೆ ಸಭೆಯಲ್ಲಾದರೆ ನ್ಯಾಯಾಲಯದ ಆದೇಶವನ್ನು ಹಿಡಿದುಕೊಂಡು ಅಲ್ಲಿನ ಪಾದ್ರಿಯವರನ್ನು ಮೊದಲೇ ಕಾಣುವುದು ಒಳಿತು.