ಬೇಸ್ ಗಿಟಾರ್: ಹೆಸರು ಆಮೇಲೆ, ಮೊದಲು ನೆಕ್ ಹಿಡಿದು ನೋಡಿ

ಪ್ರಶ್ನೆ: ಸರ್, ಇಷ್ಟು ದಿನ ಸಾದಾ ಗಿಟಾರ್ ನುಡಿಸುತ್ತಿದ್ದೆ. ಕಾಲೇಜು ಬ್ಯಾಂಡಿನಲ್ಲಿ ಬೇಸ್ ನುಡಿಸುವವರಿಲ್ಲ, ಹಾಗಾಗಿ ನಾನೇ ಶುರು ಮಾಡಬೇಕೆಂದಿದ್ದೇನೆ. ನನ್ನ ಕೈ ಸಣ್ಣದು. ಗೆಳೆಯರು ಐದು ತಂತಿಯದೇ ತಗೋ, ಆ್ಯಕ್ಟಿವ್ ತಗೋ ಅನ್ನುತ್ತಾರೆ. ನಿಮಗೆ ಯಾವುದು ಇಷ್ಟ, ಯಾಕೆ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನನ್ನ ಇಷ್ಟ ಹೇಳಿಬಿಡುತ್ತೇನೆ: ನಾಲ್ಕು ತಂತಿ, ಪ್ಯಾಸಿವ್ (ಆ್ಯಕ್ಟಿವ್‌ನಂತೆ ಒಳಗೆ ಬ್ಯಾಟರಿ ಬೇಡದ್ದು), ತೂಕ 4 ಕೆ.ಜಿ. ಒಳಗೆ, ಸಪೂರ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ). ತಂತಿ ಬದಲಿಸಬಹುದು, ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಕೂಡ ಬದಲಿಸಬಹುದು, ಆದರೆ ಕೈಗೆ ಒಗ್ಗದ ನೆಕ್ ಇದ್ದರೆ ನೀವು ಬೇಸ್ ಮುಟ್ಟುವುದನ್ನೇ ಬಿಡುತ್ತೀರಿ.

ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್, 1960ರಲ್ಲಿ ಜಾಝ್ ಬೇಸ್ ತಂದಿತು. ಅಂಗಡಿಯಲ್ಲಿ ಈಗ ಕಾಣುವ ಎಷ್ಟೋ ಬೇಸ್‌ಗಳು ಈ ಎರಡರ ದಾರಿಯಲ್ಲೇ ಬಂದವು. ಎರಡಕ್ಕೂ ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ, 34 ಇಂಚು. ಆದರೆ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಜಾಝ್ ನೆಕ್‌ನ ಅಗಲ ಸುಮಾರು 38 ಮಿ.ಮೀ., ಪ್ರಿಸಿಷನ್‌ದು ಸಾಮಾನ್ಯವಾಗಿ 41ರ ಮೇಲೆ. ಇಷ್ಟೇ ತಾನೇ ಅನ್ನಿಸುತ್ತದೆ, ಅಲ್ವಾ? ದಪ್ಪ ಇ ತಂತಿಯ ಮೇಲೆ ಅರ್ಧ ಗಂಟೆ ನುಡಿಸಿ, ಹೆಬ್ಬೆರಳೇ ಹೇಳುತ್ತದೆ. ಬೆರಳು ಚಾಚುವುದೇ ಕಷ್ಟವಾದರೆ 30 ಇಂಚಿನ ಶಾರ್ಟ್ ಸ್ಕೇಲ್ ನೋಡಿ. ಅದರಲ್ಲಿ ತಂತಿಯ ಬಿಗಿ ಕಡಿಮೆ, ಇ ತಂತಿ ಸ್ವಲ್ಪ ಮಂಕಾಗಿ ಕೇಳಬಹುದು. ಅದು ಮಕ್ಕಳದು ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಹಾಫ್ನರ್ ಬೇಸ್ ಕೂಡ ಅಂಥದ್ದೇ.

ಅಂಗಡಿಯಲ್ಲಿ ಸುಮ್ನೆ ಕೂತು ನುಡಿಸಿ ಬರಬೇಡಿ. ಪಟ್ಟಿ ಹಾಕಿ ನಿಂತು, ಎರಡೂ ಕೈ ಬಿಡಿ. ನೆಕ್ ನೆಲದ ಕಡೆ ಜಾರಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ, ಯಾಕೆಂದರೆ ಕಾರ್ಯಕ್ರಮದುದ್ದಕ್ಕೂ ನಿಮ್ಮ ಎಡಗೈ ಅದನ್ನು ಎತ್ತಿ ಹಿಡಿಯುವ ಕೆಲಸವನ್ನೇ ಮಾಡಬೇಕಾಗುತ್ತದೆ.

ಪಿಕಪ್ ವಿಷಯದಲ್ಲಿ ನನ್ನ ಮನಸ್ಸು ಪ್ರಿಸಿಷನ್ ಕಡೆಗೆ. ಅದರ ಎರಡು ತುಂಡಿನ ಪಿಕಪ್ ಗುಂಯ್ ಸದ್ದನ್ನು ತಾನೇ ಕಳೆಯುತ್ತದೆ. ಜಾಝ್ ಬೇಸ್‌ನಲ್ಲಿ ಎರಡು ಪಿಕಪ್‌ಗಳ ವಾಲ್ಯೂಮ್ ಸಮ ಇದ್ದರೆ ಸರಿ, ಒಂದನ್ನು ಇಳಿಸಿದರೆ ಗುಂಯ್ ಶುರು. ಅರ್ತಿಂಗ್ ಸರಿಯಿಲ್ಲದ ಗಣಪತಿ ಪೆಂಡಾಲಿನಲ್ಲಿ ಇದು ಜಾಸ್ತಿಯೇ ಕೇಳುತ್ತದೆ. ಪ್ರಿಸಿಷನ್ ಪಿಕಪ್, ಜಾಝ್ ನೆಕ್ ಎರಡೂ ಸೇರಿದ್ದು ಸಿಕ್ಕರೆ ನಾನಂತೂ ಬಿಡುವುದಿಲ್ಲ! ಆ್ಯಕ್ಟಿವ್‌ಗೆ 9 ವೋಲ್ಟ್ ಬ್ಯಾಟರಿ ಬೇಕು, ಕೇಬಲ್ ಚುಚ್ಚಿಟ್ಟು ಮರೆತರೆ ಅದು ಖಾಲಿಯಾಗುತ್ತದೆ. ಮೊದಲ ಬೇಸ್‌ಗೆ ಈ ಗೊಡವೆ ಬೇಡ.

ಐದನೇ ತಂತಿ ಯಾವಾಗ ಬೇಕು? ಇ ತಂತಿ 41 ಹರ್ಟ್ಸ್, ಅದರ ಕೆಳಗಿನ ಬಿ ಸುಮಾರು 31. ಮನೆಯ ಸಣ್ಣ ಆಂಪ್ಲಿಫೈಯರಿನಲ್ಲಿ ಆ ಬಿ ಸರಿಯಾಗಿ ಕೇಳುವುದೇ ಇಲ್ಲ. ಆದರೆ ನೀವು ಭಜನೆ, ವಚನ ಹಾಡುವವರ ಜೊತೆ ಕೂರುವವರಾದರೆ ಮಾತು ಬೇರೆ. ಹಾಡುವವರು ಹಾರ್ಮೋನಿಯಂನ ಕಪ್ಪು ಒಂದು ಅಥವಾ ಬಿಳಿ ಎರಡು ಅಂದರೆ ಷಡ್ಜವೇ ಸಿ ಶಾರ್ಪ್ ಅಥವಾ ಡಿ. ಕೆಳಗಿನ ಷಡ್ಜ ಇ ತಂತಿಗಿಂತ ಕೆಳಗೆ ಬೀಳುತ್ತದೆ, ಅಲ್ಲಿ ಐದನೇ ತಂತಿ ನಿಜಕ್ಕೂ ಚೆಂದ. ಅಪರೂಪಕ್ಕೆ ಬೇಕಾದರೆ ಇ ತಂತಿಯನ್ನೇ ಡಿಗೆ ಇಳಿಸಿಕೊಳ್ಳಿ, ಸಾಕು.

ಬೆಳಗಾವಿ ಮಳೆಗಾಲದ ತೇವಕ್ಕೆ ನೆಕ್ ಬಾಗುತ್ತದೆ. ಆ ಬಾಗನ್ನು ಸರಿಪಡಿಸುವ, ನೆಕ್ ಒಳಗಿನ ಕಂಬಿಯಾದ ಟ್ರಸ್ ರಾಡ್ ಸಲೀಸಾಗಿ ತಿರುಗುತ್ತದಾ ಅಂತ ಕೊಳ್ಳುವಾಗಲೇ ಅಂಗಡಿಯವರಿಂದ ತೋರಿಸಿಕೊಳ್ಳಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರಲಿ ಅಂತ ಮೊದಲಿಗೇ, ನೆಕ್ ಮೇಲೆ ಅಡ್ಡ ಲೋಹದ ಪಟ್ಟಿ (ಫ್ರೆಟ್) ಇಲ್ಲದ ಫ್ರೆಟ್‌ಲೆಸ್ ಬೇಸ್ ತಗೊಳ್ಳಬಹುದಾ?
– ಓದುಗರು, ವಿಜಯಪುರ

ಉತ್ತರ: ಧಾರಾಳವಾಗಿ ತಗೊಳ್ಳಿ. ಸ್ವರ ಹಿಡಿಯುವ ಕಿವಿ ನಿಮಗೆ ಆಗಲೇ ಇದೆ. ಫ್ರೆಟ್ ಜಾಗದಲ್ಲಿ ಗೆರೆ ಎಳೆದ ಬೋರ್ಡ್ ಇರುವುದನ್ನೇ ಆರಿಸಿ, ತಾನ್ಪುರ ಹಾಕಿಕೊಂಡು ನುಡಿಸಿ. ತಂತಿ ಮಾತ್ರ ಫ್ಲ್ಯಾಟ್‌ವೌಂಡ್ (ಮೇಲ್ಮೈ ನಯವಾದದ್ದು) ಇರಲಿ, ಮೇಲ್ಮೈ ಒರಟಾದ ರೌಂಡ್‌ವೌಂಡ್ ತಂತಿ ಮರವನ್ನು ಬೇಗ ತೇಯುತ್ತದೆ.