ಇಷ್ಟು ಮಳೆ ಬೀಳುವ ಕೊಡಗಿನಲ್ಲಿ ಶಾಲೆ ಮಕ್ಕಳಿಗೆ ನೀರಿನ ಪಾಠ ಹೇಗೆ ಮಾಡುವುದು?

ನೀವು ಕೇಳಿದ್ದು ಇಷ್ಟು: ನೀವು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೀರಿ. ಗೆಳೆಯರೆಲ್ಲ ಸೇರಿ ಕೊಡಗಿನ ಒಂದು ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ನೀರು ಉಳಿಸುವ ಬಗ್ಗೆ ಪ್ರಾಜೆಕ್ಟ್ ಮಾಡಿಸಬೇಕು ಅಂತಿದ್ದೀರಿ. ಆದರೆ ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ "ನೀರು ಉಳಿಸಿ" ಅಂದರೆ ಮಕ್ಕಳು ನಗುವುದಿಲ್ವಾ, ಮಾಡಿಸುವುದಾದರೆ ಏನು ಮಾಡಿಸಬೇಕು ಅನ್ನುವುದು ನಿಮ್ಮ ಪ್ರಶ್ನೆ.

ನಗುತ್ತಾರೆ. ಜುಲೈಯಲ್ಲಿ ಡಿಸಿ ಯಾವಾಗ ಮಳೆ ರಜೆ ಕೊಡುತ್ತಾರೆ ಅಂತ ಕಾಯುವ ಮಕ್ಕಳು ಅವರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾನು ಸಿವಿಲ್ ಓದುವಾಗ ದಕ್ಷಿಣ ಕೊಡಗಿನ ಶಾಲೆಗಳಿಗೆ ಹೋಗುತ್ತಿದ್ದೆ. ಈಗಲೂ ಬಿಡುವಾದಾಗ ಜೂನಿಯರ್‌ಗಳ ಜೊತೆ ಹೋಗುತ್ತೇನೆ. ಅಲ್ಲಿ ಕಂಡಿದ್ದರಿಂದ ಹೇಳುತ್ತೇನೆ, "ಉಳಿಸಿ" ಅನ್ನುವ ಮಾತನ್ನೇ ಎತ್ತಬೇಡಿ. ಅಳೆಯಲು ಕಲಿಸಿ.

ಯಾಕೆ ಅಂದರೆ, ಆ ಕ್ಲಾಸಿನಲ್ಲಿ ಅರ್ಧ ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲು ಮನೆಗಳಿಂದ, ಬಂದಿರುತ್ತಾರೆ. ಹತ್ತಾರು ಮನೆಗೆ ಒಂದೇ ನಲ್ಲಿ. ಬೆಳಗ್ಗೆ ಕೊಡ ಹೊತ್ತು, ಆಮೇಲೆ ಶಾಲೆಗೆ ಬಂದ ಹುಡುಗಿಗೆ ನೀವು "ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ" ಅಂತ ಪಾಠ ಹೇಳಿದರೆ ಹೇಗಿರುತ್ತದೆ? ಆ ಮಗುವಿಗೆ ನೀರಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಬೇರೆ: ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಸುರಿದ ಮಳೆಯೆಲ್ಲ ಎಲ್ಲಿಗೆ ಹೋಯಿತು, ಮಾರ್ಚ್‌ನಲ್ಲಿ ತೋಡು (ಸಣ್ಣ ಹಳ್ಳ) ಯಾಕೆ ಒಣಗಿತು. ಇರ್ಪು ಫಾಲ್ಸ್ ನೋಡಿ ಬೆಳೆದ ಮಕ್ಕಳೇ ಬೇಸಿಗೆಯಲ್ಲಿ ಲಕ್ಷ್ಮಣತೀರ್ಥ ಸೊರಗಿ ಬಂಡೆ ಎದ್ದು ಕಾಣುವುದನ್ನೂ ನೋಡುತ್ತಾರೆ. ನಿಮ್ಮ ಪ್ರಾಜೆಕ್ಟ್ ಅಲ್ಲಿಂದ ಶುರುವಾಗಲಿ.

ಮೊದಲು ಮಳೆಮಾಪಕ. ಎರಡು ಲೀಟರಿನ ಬಾಟಲಿ ಸಾಕು, ಸೊಂಟ ಸಣ್ಣಗಿರುವುದು ಬೇಡ, ನೇರವಾಗಿರುವುದನ್ನು ಆರಿಸಿ. ಮೇಲ್ಭಾಗ ಕತ್ತರಿಸಿ ಕವುಚಿ ಅದಕ್ಕೇ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದಲ್ಲ, ಅದಕ್ಕೆ ಜಲ್ಲಿ ಹಾಕಿ, ಬಾಟಲಿ ನೇರವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಮಾಡಿ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿ. ನೀರು ಎಷ್ಟು ಮಿಲಿಮೀಟರ್ ಏರಿತೋ ಅಷ್ಟು ಮಳೆ. ಮರ, ಸೂರು ಎರಡರಿಂದಲೂ ದೂರ ಬಯಲಲ್ಲಿಡಿ, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಓದಿಸಿ.

ಇದರಲ್ಲಿ ಮಜಾ ಬರುವುದು ಲೆಕ್ಕ ಮನೆಗೆ ಹೋದಾಗ. ಕೊಡಗಿನಲ್ಲಿ ಮಳೆ ಲೆಕ್ಕ ಇಡುವುದು ಹೊಸದಲ್ಲ ಅಲ್ವಾ? ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ, ತಾತನ ಕಾಲದ್ದೂ ಸಿಗುತ್ತದೆ. ಅದೆಲ್ಲ ಇಂಚು, ಸೆಂಟಿನಲ್ಲಿ. ನಮ್ಮ ಬಾಟಲಿ ಮಿಲಿಮೀಟರಿನಲ್ಲಿ. ಒಂದು ಇಂಚು ಅಂದರೆ ನೂರು ಸೆಂಟು, 25.4 ಮಿಲಿಮೀಟರ್. ಒಬ್ಬ ಹುಡುಗ ಮನೆಯಿಂದ ಹಳೇ ಪುಸ್ತಕ ತಂದಿದ್ದ, ರಟ್ಟು ಕಿತ್ತುಹೋಗಿತ್ತು, ಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಹೂಮಳೆ ಚೆನ್ನಾಗಿ ಬಂತು" ಅಂತೆಲ್ಲ ಬರೆದಿತ್ತು (ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ). ಗಣಿತದ ಮೇಷ್ಟ್ರು ಆ ವಾರವಿಡೀ ದಶಮಾಂಶ ಕಲಿಸಿದ್ದು ಅದರಿಂದಲೇ. ನಮ್ಮ ಬಾಟಲಿಗಿಂತ ಆ ಪುಸ್ತಕವೇ ದೊಡ್ಡ ಪ್ರಯೋಗ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಳೆ ಗೊತ್ತಾದ ಮೇಲೆ ಶಾಲೆಯ ಮಾಡು (ಛಾವಣಿ) ಅಳೆಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಒಂದು ಸಾಲು ತಲೆಯಲ್ಲಿ ಕೂತರೆ ಸಾಕು. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಇಂಚು ಮಳೆ, 2,540 ಲೀಟರ್. ಒಂದೇ ಬೆಳಗಿನ ಮಳೆ! ಮಾಡಿನ ನೀರು ಹಿಡಿಯುವುದಕ್ಕೆ ಪಿವಿಸಿ ಪೈಪೇ ಬೇಕಂತಿಲ್ಲ, ಅಡಿಕೆ ಮರ ಸೀಳಿ ನೀರು ಹರಿಯುವ ದೋಣಿ ಮಾಡುವವರು ಊರಲ್ಲಿ ಸಿಕ್ಕೇ ಸಿಗುತ್ತಾರೆ. ಹಂಚಿನ ಮೇಲೆ ಪಾಚಿ, ಎಲೆ ಇರುತ್ತದೆ. ಮೊದಲ ಮಳೆಯ ನೀರು ಹೊರಗೆ ಹೋಗಲಿ, ಆಮೇಲೆ ಹಿಡಿಯಿರಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ. ಮೂರು ಬಾಟಲಿಗಳನ್ನು ಅಡ್ಡ ಮಲಗಿಸಿ ಮೇಲಿನ ಪಕ್ಕ ಕತ್ತರಿಸಿ. ಮೂರಕ್ಕೂ ಒಂದೇ ಕಡೆಯ ಮಣ್ಣು. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣಿನ ಮೇಲೆ ಕಾಫಿ ತೋಟದ ದರಗು (ಉದುರಿದ ಒಣ ಎಲೆ), ಮೂರನೆಯದರಲ್ಲಿ ಬೇರು ಸಮೇತ ಕಿತ್ತು ತಂದ ಹುಲ್ಲು. ಬಾಯಿಯ ಕಡೆ ಸ್ವಲ್ಪ ಇಳಿಜಾರು ಮಾಡಿ, ಕೆಳಗೆ ಲೋಟ ಇಡಿ. ಒಂದೊಂದಕ್ಕೂ ಅಷ್ಟೇ ನೀರನ್ನು ತೂತು ಮಾಡಿದ ಡಬ್ಬಿಯಿಂದ ಮಳೆ ಬಿದ್ದ ಹಾಗೆ ಹಾಕಿ. ಬರೀ ಮಣ್ಣಿನ ನೀರು ಹಾಕಿದಷ್ಟೇ ಬೇಗ ಲೋಟಕ್ಕೆ ಬರುತ್ತದೆ, ಕೆಂಪಗೆ, ಮಣ್ಣನ್ನೂ ಎಳೆದುಕೊಂಡು. ದರಗಿನದ್ದು ತಡವಾಗಿ, ತಿಳಿಯಾಗಿ ಬರುತ್ತದೆ. ಎಲ್ಲರೂ ಇಲ್ಲಿಗೇ ಮುಗಿಸಿ ಫೋಟೋ ತೆಗೆದು ಹೊರಡುತ್ತಾರೆ. ನೀವು ಹೊರಡಬೇಡಿ. ಬಾಟಲಿಗಳನ್ನು ಹಾಗೇ ಬಿಟ್ಟು ಗಡಿಯಾರ ನೋಡಲು ಹೇಳಿ. ಬರೀ ಮಣ್ಣಿನದ್ದು ಬೇಗ ನಿಂತುಬಿಡುತ್ತದೆ. ದರಗು, ಹುಲ್ಲಿನವು ತೊಟ್ಟಿಕ್ಕುತ್ತಲೇ ಇರುತ್ತವೆ. ಒಬ್ಬ ಹುಡುಗ ಊಟದ ಬೆಲ್ ಹೊಡೆದರೂ ಏಳದೆ ಕೂತು ತೊಟ್ಟು ಎಣಿಸುತ್ತಿದ್ದ. ಮಾರ್ಚ್‌ನಲ್ಲಿ ತೋಡಿಗೆ ಬರುವುದು ಈ ತೊಟ್ಟೇ ಅಂತ ಆಗ ಹೇಳಿ, ಅದಕ್ಕೂ ಮುಂಚೆ ಬೇಡ. ಗದ್ದೆಯ ಮಾತೂ ಇಲ್ಲೇ ಬರುತ್ತದೆ. ಮಳೆಗಾಲವಿಡೀ ಬದುವಿನೊಳಗೆ ನೀರು ನಿಲ್ಲಿಸಿಕೊಳ್ಳುತ್ತಿದ್ದ ಗದ್ದೆಗಳು ಈಗ ಪಾಳು ಬಿದ್ದಿವೆ, ಇಲ್ಲವೇ ಶುಂಠಿಗೆ, ಅಡಿಕೆಗೆ ಹೋಗಿವೆ. ನಿಮ್ಮ ಊರಿನ ಯಾವ ಗದ್ದೆ ಹಾಗಾಗಿದೆ ಅಂತ ಕೇಳಿ ನೋಡಿ, ಮಕ್ಕಳು ಮನೆ ಹೆಸರು ಸಮೇತ ಹೇಳುತ್ತಾರೆ.

ಎಂಟನೇ ಕ್ಲಾಸಿಗೆ ಇನ್ನೊಂದು ಲೆಕ್ಕ ಕೊಡಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೆ ಎಷ್ಟು ಲೀಟರ್? ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಗುಣಿಸಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟುಕೊಂಡಿದೆ. ಐದು ಜನರ ಮನೆಗೆ ವರ್ಷಕ್ಕೆ 1,00,375 ಲೀಟರ್. ಹೆಚ್ಚುಕಮ್ಮಿ ಒಂದೇ ಆಯಿತು! ಬೋರ್ಡ್ ಮೇಲೆ ಎರಡೂ ಸಂಖ್ಯೆ ಬಂದಾಗ ಲೈನ್ ಮನೆಯ ಹುಡುಗಿಯೊಬ್ಬಳು, "ಹಾಗಾದ್ರೆ ನಮ್ಮನೆಯ ಒಂದು ವರ್ಷದ ನೀರು ಒಂದು ಎಕ್ರೆಗೆ ಒಂದೇ ಸಲಕ್ಕಾ?" ಅಂದಳು. ಪಕ್ಕದ ಬೆಂಚಿನವನು, "ಹೂ ಆಗದಿದ್ರೆ ಕಾಯಿ ಎಲ್ಲಿಂದ ಬರುತ್ತೆ?" ಅಂದ. ಇಬ್ಬರ ಮಾತೂ ಸರಿ. ತೋಟದವರ ಮಕ್ಕಳೂ ತೋಟದಲ್ಲಿ ದುಡಿಯುವವರ ಮಕ್ಕಳೂ ಒಂದೇ ಕ್ಲಾಸಿನಲ್ಲಿರುವಾಗ ನೀವು ತೀರ್ಪು ಕೊಡಲು ಹೋಗಬೇಡಿ. ಮಳೆಗಾಲದಲ್ಲಿ ತುಂಬಿಸಿಟ್ಟ ಕೆರೆಯಿಂದ ಎತ್ತುವುದಕ್ಕೂ ಮಾರ್ಚ್‌ನ ತೋಡಿಗೇ ಪಂಪ್ ಇಳಿಸುವುದಕ್ಕೂ ಏನು ವ್ಯತ್ಯಾಸ ಅಂತ ಕೇಳಿ ಸುಮ್ನೆ ಕೂತರೆ ಸಾಕು.

ಮರಳು, ಇದ್ದಿಲಿನ ಫಿಲ್ಟರ್ ಬೇಡ ಅಂತ ನನ್ನ ಅಭಿಪ್ರಾಯ. ಎಲ್ಲ ವಿಜ್ಞಾನ ಪ್ರದರ್ಶನದಲ್ಲೂ ಅದೇ. ನೀರು ತಿಳಿಯಾದ ಕೂಡಲೇ ಮಕ್ಕಳು ಕುಡಿಯಲು ಹೋಗುತ್ತಾರೆ, ರೋಗಾಣು ಅಲ್ಲೇ ಇರುತ್ತದೆ. ಮಾಡಲೇಬೇಕಿದ್ದರೆ ಕುದಿಸದೆ ಕುಡಿಯಬಾರದು ಅಂತ ಮೊದಲೇ ಹೇಳಿ. ಅದಕ್ಕಿಂತ ದಾಸವಾಳದ ರಸ ಒಳ್ಳೆಯದು. ನೀರಿಗೆ ಹಾಕಿದರೆ ಬಣ್ಣ ಹೇಳುತ್ತದೆ: ಹುಳಿ ಇದ್ದರೆ ಕೆಂಪು, ಸೋಪಿನ ನೀರಿಗೆ ಹಸಿರು. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ) ಸಮಯದಲ್ಲಿ ತೋಡಿನ ನೀರು ಯಾಕೆ ನಾರುತ್ತದೆ ಅನ್ನುವ ಮಾತಿಗೆ ಅದು ದಾರಿ ಮಾಡಿಕೊಡುತ್ತದೆ. ಪೋಸ್ಟರ್, ಘೋಷಣೆ, ಜಾಥಾ ನಿಮ್ಮ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯದ) ಆ್ಯಕ್ಟಿವಿಟಿ ಪಾಯಿಂಟ್‌ಗೆ ಬೇಕಿದ್ದರೆ ಒಂದು ದಿನ ಮಾಡಿ ಮುಗಿಸಿಬಿಡಿ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಬಯಲುಸೀಮೆಯಲ್ಲಿ ಬರೆದ ಕೈಪಿಡಿ ನೋಡಿ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿಸಬೇಡಿ. ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತದೆ, ಕಣಗಳ ನಡುವೆ ನೀರಿನ ಒತ್ತಡ ಏರಿ ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಗುಡ್ಡ ಜಾರಿದ್ದನ್ನು ಇಡೀ ಜಿಲ್ಲೆ ನೋಡಿದೆ. ಗುಡ್ಡದ ಬದಿಯ ಶಾಲೆಯಾದರೆ ಮಾಡಿನ ನೀರು ಟ್ಯಾಂಕಿಗೆ ಹೋಗಲಿ, ಹೆಚ್ಚಾದದ್ದು ಚರಂಡಿಯಲ್ಲಿ ಹರಿದು ಕೆಳಗಿನ ಕೆರೆಗೋ ಗದ್ದೆಗೋ ಸೇರಲಿ. ಕುಶಾಲನಗರದ ಕಡೆಯ ಸಮತಟ್ಟು ಜಾಗದಲ್ಲಿ, ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲದ ಕಡೆ, ಇಂಗುಗುಂಡಿ ಸರಿ. ಒಂದೇ ಜಿಲ್ಲೆ, ಎರಡು ಉತ್ತರ.

ಇನ್ನು ಸಣ್ಣಪುಟ್ಟ ವಿಷಯ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಅನುಮತಿ ಪತ್ರ ತೆಗೆದುಕೊಂಡೇ ಹೋಗಿ, ಹೆಡ್ ಮೇಷ್ಟ್ರಿಗೆ ಆಗ ಧೈರ್ಯ. ಜೂನ್‌ನಲ್ಲೇ ಬಾಟಲಿ ಇಟ್ಟರೆ ಒಳ್ಳೆಯದು. ಮಳೆ ರಜೆ ಬಂದಾಗ ಅಳತೆ ತಪ್ಪದ ಹಾಗೆ ಶಾಲೆ ಹತ್ತಿರದ ಮನೆಯ ಮಗುವಿಗೆ ಹೊಣೆ ಕೊಡಿ. ಮಳೆಗಾಲದಲ್ಲಿ ಯಾರನ್ನೂ ತೋಡಿನ ಹತ್ತಿರ ಕರೆದೊಯ್ಯಬೇಡಿ, ಆ ಕೆಲಸ ಡಿಸೆಂಬರ್ ಮೇಲೆ. ಮಾರ್ಚ್ ಪರೀಕ್ಷೆಗೆ ಹೋಯಿತು ಅಂತಲೇ ಲೆಕ್ಕ. ಮತ್ತೆ ಏನೇ ಆದರೂ ಮೂರೂವರೆ ಒಳಗೆ ಮುಗಿಸಿ. ತಿತಿಮತಿ, ಸಿದ್ದಾಪುರದ ಕಡೆಯಾದರೆ ಸಂಜೆ ದಾರಿಯಲ್ಲಿ ಆನೆ ಇರಬಹುದು, ಮಕ್ಕಳನ್ನು ಕರೆದೊಯ್ಯುವ ಜೀಪಿನವರು ನಿಮ್ಮ ಬಾಟಲಿ ತೊಟ್ಟಿಕ್ಕಿ ಮುಗಿಯುವವರೆಗೆ ಕಾಯುವುದಿಲ್ಲ.